ವಿಂಚಿಗೆ ಬಂದ ಆಯ

ಶಹಾಪುರದ ಸುರಪುರ ರಸ್ತೆಯಲ್ಲಿರುವ ಮೈನುದ್ದೀನನ ಗ್ಯಾರೇಜಿನಲ್ಲಿ ಅಂಬ್ರಪ್ಪ ತನ್ನ ಪಿಕಪ್ಪಿನ ಮೂತಿ ಬಿಚ್ಚಿಸಿಕೊಂಡು ನಿಂತಿದ್ದ. ಕಂಪನಿಯವರು ಕೊಟ್ಟ ಬಂಪರ್ ಮೂಲೆಯಲ್ಲಿ ಬಿದ್ದಿತ್ತು. ಮೈನುದ್ದೀನ ಅದನ್ನು ಕಾಲಿನಿಂದ ಸರಿಸಿ, "ಇದು ಬಂಪರ್ ಅಲ್ಲ ಅಂಬ್ರಪ್ಪ ಭಾಯ್, ಹಪ್ಪಳ. ಇದಕ್ಕ ವಿಂಚ್ ಕೂಡಿಸಿದ್ರ ಮೊದಲ್ನೇ ಜಗ್ಗಿಗೇ ಬಂಪರ್ ಕಿತ್ಕೊಂಡು ಹೋಗ್ತದ, ಗಾಡಿ ಕೆಸರಾಗೇ ಇರ್ತದ," ಎಂದ.

ಹಾಗಾಗಿ ಅವನು ದಪ್ಪ ಕಬ್ಬಿಣದ ಚಾನಲ್ ಕೊಯ್ದು ಹೊಸ ಬಂಪರನ್ನೇ ಕಟ್ಟಿದ್ದ. ಗಾಡಿಯ ಚಾಸಿಗೆ ಬೆಸುಗೆ ಹಾಕಿಬಿಡು, ಬೇಗ ಮುಗಿಯುತ್ತದೆ ಎಂದು ಅಂಬ್ರಪ್ಪ ಅವಸರ ಮಾಡಿದ. ಮೈನುದ್ದೀನ ಒಪ್ಪಲಿಲ್ಲ. ಚಾಸಿಗೆ ಬೆಂಕಿ ತಾಗಿದರೆ ಉಕ್ಕಿನ ಕಸುವು ಹೋಗುತ್ತದೆ, ಬೋಲ್ಟೇ ಆಗಬೇಕು ಎಂದು ಎರಡೂ ಕಡೆ ಪ್ಲೇಟ್ ಕೊಟ್ಟು ಬಿಗಿದ. ಬಂಪರಿನ ನಡುವೆ ವಿಂಚ್ ಕೂತಿತು. ಒಂದು ಮೋಟರು, ಅದು ತಿರುಗಿಸುವ ಉರುಳೆ, ಉರುಳೆಗೆ ಸುತ್ತಿದ ತಂತಿಯ ಹಗ್ಗ, ತುದಿಗೊಂದು ಹುಕ್. ಬ್ಯಾಟರಿಯಿಂದ ಹೆಬ್ಬೆರಳು ದಪ್ಪದ ಕೇಬಲ್ ಎಳೆದಾಯಿತು. ಕೊನೆಗೆ ಗ್ಯಾರೇಜಿನ ಹಿಂದಿನ ಬೇವಿನ ಮರಕ್ಕೆ ಪಟ್ಟಿ ಸುತ್ತಿ, ಹುಕ್ ಹಾಕಿ, ಅಂಬ್ರಪ್ಪನನ್ನು ಗಾಡಿಯೊಳಗೆ ಕೂರಿಸಿ ವಿಂಚಿನ ಗುಂಡಿಯನ್ನು ಕೈಗೆ ಕೊಟ್ಟ. ಪಿಕಪ್ಪು ತನ್ನನ್ನು ತಾನೇ ಎಳೆದುಕೊಂಡು ಮರದ ಕಡೆ ಹೊರಟಿತು.

"ಬ್ರೇಕ್ ಸ್ವಲ್ಪ ಹಿಡೀರಿ," ಎಂದು ಮೈನುದ್ದೀನ ಕೂಗಿದ. "ಭಾರ ಬಿದ್ರೇನೇ ಹಗ್ಗ ಗಟ್ಟಿ ಸುತ್ಕೊಂತದ. ಸಡಿಲ ಆದ್ರ ಒಂದ್ರಾಗೊಂದು ಹೂತು ಸಿಕ್ಕೊಂತದ. ಮತ್ತ ಭಾಯ್, ಇಂಥ ಬಂಪರ್ ಕಂಡ್ರ ಪೊಲೀಸರು ದಂಡ ಹಾಕ್ತಾರ, ನೆನಪಿರ್ಲಿ."

"ಸಾಹುಕಾರ ಮಂದಿ ಜೀಪಿಗೆ ಇದ್ದಾಗ ಅವ್ರ ಕಣ್ಣಾಗ ಪೊರಿ ಬಂದಿರ್ತದೇನು?" ಎಂದು ಅಂಬ್ರಪ್ಪ ಸಿಡುಕಿದ. ಆದರೂ ಅವನ ಮುಖ ಅರಳಿತ್ತು. ಇನ್ನು ಮೇಲೆ ಯಾರ ಅಂಗಳದಲ್ಲೂ ಕೈಕಟ್ಟಿ ನಿಲ್ಲಬೇಕಾಗಿಲ್ಲ ಎಂಬ ಸಂತೋಷ ಅದು.

ಹಿಂದಿನ ಸುಗ್ಗಿಯಲ್ಲಿ ಅವನು ಹಾಗೆ ನಿಂತಿದ್ದ. ಕಕ್ಕೇರಾದ ಆಸುಪಾಸಿನ ಹೊಲಗಳಿಂದ ಭತ್ತ ಹೇರಿ ಮಿಲ್ಲಿಗೆ ಮುಟ್ಟಿಸುವುದು ಅವನ ದುಡಿಮೆ. ಕಾಲುವೆ ನೀರು ಕುಡಿದ ಎರೆಮಣ್ಣು ಎಂದರೆ ಕೇಳಬೇಕೆ, ಒಂದು ದಿನ ತುಂಬಿದ ಗಾಡಿ ಅಚ್ಚಿನವರೆಗೆ ಇಳಿದುಬಿಟ್ಟಿತು. ಕಣ್ಣಳತೆಯಲ್ಲೇ ಮಲ್ಲಣ್ಣ ಸಾಹುಕಾರನ ಟ್ರ್ಯಾಕ್ಟರ್ ಖಾಲಿ ನಿಂತಿತ್ತು. ಅಂಬ್ರಪ್ಪ ಅವನ ಅಂಗಳಕ್ಕೆ ಹೋಗಿ ಕೇಳಿಕೊಂಡ. ಮಲ್ಲಣ್ಣ ಉಣ್ಣುತ್ತಿದ್ದವನು ನಿಧಾನಕ್ಕೆ ಉಂಡ, ಎಲೆ ಅಡಿಕೆ ಹಾಕಿಕೊಂಡ, ಆಮೇಲೆ ಅಡ್ಡಾದ. ತಲೆಮೇಲೆ ಮೋಡ ಕವಿದರೂ ಅವನಿಗೆ ಎಚ್ಚರವಾಗಲಿಲ್ಲ. ಮಳೆಯಲ್ಲಿ ನೆಂದ ಭತ್ತವನ್ನು ಮಿಲ್ಲಿನವರು ಮುಟ್ಟಲಿಲ್ಲ. ಭತ್ತದ ಯಜಮಾನ ಬೈದದ್ದು ಅಂಬ್ರಪ್ಪನನ್ನು. ಮಲ್ಲಣ್ಣನಿಗೆ ಬೈಯಲು ಈ ಸೀಮೆಯಲ್ಲಿ ಯಾರಿಗೆ ಬಾಯಿದೆ?

ವಿಂಚ್ ಹಾಕಿದ ಗಾಡಿ ಊರಿಗೆ ಬಂದಾಗ ಬಸ್‌ಸ್ಟ್ಯಾಂಡಿನ ಕಟ್ಟೆಯವರು ಸುಮ್ಮನಿರಲಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು," ಎಂದು ಹಲ್ಲು ಕಿರಿದರು. ಅವನ ಕೇರಿಯಲ್ಲಿ ಮಾತ್ರ ಮಂದಿ ಮದುಮಗನ ಸುತ್ತ ನಿಂತ ಹಾಗೆ ನಿಂತರು. ಅಂಬ್ರಪ್ಪನ ಹೆಂಡತಿ ಬಾಲಮ್ಮ ಬಂಪರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದಳು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅಂಬ್ರಪ್ಪನ ತಂದೆ ಖಂಡಪ್ಪ. ಮುದುಕ ಹತ್ತಿರ ಬಂದು ತಂತಿಯ ಹಗ್ಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

"ಇದು ಮಿಣಿ ಬಿಡೋ," ಎಂದ. "ತೊಗಲಿಂದಲ್ಲ, ತಂತೀದು. ಅಷ್ಟ ಫರಕು."

ಮಿಣಿ ಎಂದರೆ ತೊಗಲಿನ ಹಗ್ಗ. ಕಾಲುವೆ ಬರುವ ಮೊದಲು ಎತ್ತುಗಳು ಬಾವಿಯ ನೀರನ್ನು ಆ ಹಗ್ಗದಿಂದಲೇ ಜಗ್ಗುತ್ತಿದ್ದವು. ತೊಗಲು ಹದ ಮಾಡಿ, ಸೀಳಿ, ಹುರಿ ಹೊಸೆಯುವುದು ಖಂಡಪ್ಪನ ಮನೆತನದ ಕಸುಬು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ರೈತರು ರಾಶಿಯಿಂದ ಕಾಳು ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಎಂದು ಹೆಸರು. ಆಯ ತೆಗೆದುಕೊಂಡವನು ವರ್ಷವಿಡೀ ಆ ಮನೆ ಕರೆದಾಗ ಹೋಗಬೇಕು, ಆಗುವುದಿಲ್ಲ ಎನ್ನುವಂತಿಲ್ಲ. ಕಾಲುವೆ ಬಂತು, ಬಾವಿಗಳು ಹಾಳುಬಿದ್ದವು, ಮಿಣಿ ಬೇಡವಾಯಿತು, ಆಯ ನಿಂತಿತು. ಅಂಬ್ರಪ್ಪನಿಗೆ ಅದು ಪೀಡೆ ತೊಲಗಿದ ಹಾಗೆ. ಖಂಡಪ್ಪನಿಗೆ ಮಾತ್ರ ಊರು ತನ್ನನ್ನು ಮರೆತ ಹಾಗೆ. ಅಂದಿನಿಂದ ಅವನು ಕೂಲಿಯವನಾದ, ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ.

ಕೊಯ್ಲು ಶುರುವಾಗುವ ಹೊತ್ತಿಗೆ ಮಲ್ಲಣ್ಣನ ಟ್ರ್ಯಾಕ್ಟರೇ ಮೊದಲು ಹೂತಿತು. ಫೋನ್ ಬಂತು: "ಅಂಬ್ರ್ಯಾ, ಗಾಡಿ ತಗೊಂಡು ಬಾ." ಹಿಂದಿನದನ್ನು ನೆನೆದು ಬರುವುದಿಲ್ಲ ಎನ್ನಬಹುದಿತ್ತು. ಆದರೆ ಹೊಸ ವಿಂಚ್ ತೋರಿಸುವ ಹುಮ್ಮಸ್ಸು ಅವನಿಗೆ, ಸುಳ್ಳೇಕೆ? ಕಾಲುವೆ ಏರಿಯ ಗಟ್ಟಿ ನೆಲದಲ್ಲಿ ಪಿಕಪ್ ನಿಲ್ಲಿಸಿ, ಹಿಂದಿನಿಂದ ಮರಕ್ಕೆ ಸರಪಳಿ ಬಿಗಿದು, ತಂತಿ ಎಳೆದು ಹುಕ್ ಹಾಕಿ ಗುಂಡಿ ಒತ್ತಿದ. ಟ್ರ್ಯಾಕ್ಟರ್ ಕೆಸರಲ್ಲಿ ಪಚಪಚ ಸದ್ದು ಮಾಡುತ್ತ ಮೇಲೆ ಬಂತು. ನೋಡುತ್ತಿದ್ದವರು ಶಿಳ್ಳೆ ಹೊಡೆದರು. ಮಲ್ಲಣ್ಣ ಒಂದು ಮಾತಾಡದೆ ಟ್ರ್ಯಾಕ್ಟರ್ ಹತ್ತಿ ಹೋದ. ಬಾಡಿಗೆ ಆಮೇಲೆ ಕೊಟ್ಟಾನು ಎಂದು ಅಂಬ್ರಪ್ಪ ಸುಮ್ಮನಾದ.

ಸುಮ್ಮನಾದದ್ದೇ ತಪ್ಪಾಯಿತು. ಮಲ್ಲಣ್ಣ ಮತ್ತೆ ಕರೆದ, ಅವನ ತಮ್ಮ ಕರೆದ, ಬೀಗರು ಕರೆದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜನ. ಲೋಡ್ ತುಂಬಿಕೊಂಡು ಮಿಲ್ಲಿನ ದಾರಿಯಲ್ಲಿದ್ದಾಗಲೂ "ಅದನ್ನ ಅಲ್ಲೇ ಬಿಟ್ಟು ಬಾ" ಎನ್ನುತ್ತಿದ್ದರು. ಒಮ್ಮೆ ಅವನು ಬಾಡಿಗೆಯ ಮಾತೆತ್ತಿದ. ಮಲ್ಲಣ್ಣನ ತಮ್ಮ ನಕ್ಕುಬಿಟ್ಟ.

"ಜೆಸಿಬಿ ಬಂದ್ರ ಮಾತಾಡಿ ಕೊಡ್ತೀರಿ, ನನಗ ಯಾಕಿಲ್ರಿ?" ಎಂದು ಅಂಬ್ರಪ್ಪ ಕೇಳಿದ.

"ಜೆಸಿಬಿ ಹೊರಗಿನವ್ರದು. ನೀ ಊರಾಂವ ಅಲ್ಲೇನು?"

ಎಂಥ ನ್ಯಾಯ ನೋಡಿ. ಕೊಡುವಾಗ ಹೊರಗಿನವನು ಬೇಕು, ದುಡಿಸುವಾಗ ಊರಿನವನು. ಅಂಬ್ರಪ್ಪ ಹಲ್ಲು ಕಚ್ಚಿಕೊಂಡು ಮನೆಗೆ ಬಂದ. ಬಂದರೆ ಪಡಸಾಲೆಯಲ್ಲಿ ಒಂದು ಭತ್ತದ ಚೀಲ ಕೂತಿತ್ತು. ಪಕ್ಕದಲ್ಲಿ ಖಂಡಪ್ಪ ತೊಳೆದ ಧೋತರ ಉಟ್ಟು ಕೂತಿದ್ದ.

"ಏನಪ್ಪ ಇದು?"

"ಆಯ," ಎಂದ ಖಂಡಪ್ಪ. ಅವನ ದನಿಯಲ್ಲಿ ಹಬ್ಬವಿತ್ತು. "ಮಲ್ಲಣ್ಣ ಸಾಹುಕಾರ್ರು ಕಳಿಸ್ಯಾರ. ಆಳು ಬಂದು ನನ್ನ ಹೆಸರು ಹಿಡಿದು ಕರದ. ಹೆಗಲ ಮ್ಯಾಲಿನ ವಲ್ಲಿ ಒಡ್ಡಿ ತಗೊಂಡೆ. ಎಷ್ಟು ವರ್ಷ ಆಗಿತ್ತೋ!"

ಅಂಬ್ರಪ್ಪನ ನೆತ್ತಿಗೆ ಬೆಂಕಿ ಹತ್ತಿತು. ಬಾಡಿಗೆ ಯಾಕೆ ಬರಲಿಲ್ಲ, ಫೋನ್ ಯಾಕೆ ನಿಲ್ಲಲಿಲ್ಲ ಎಲ್ಲವೂ ಈಗ ತಿಳಿಯಿತು; ಮೊದಲಿನಿಂದಲೂ ಅವರ ಲೆಕ್ಕ ಆಯದ್ದೇ ಆಗಿತ್ತು. ತಾನು ದುಡಿದು, ಓಡಾಡಿ, ಮೈನುದ್ದೀನನ ಹತ್ತಿರ ನಿಂತು ಮಾಡಿಸಿದ ವಿಂಚನ್ನು ಅವರು ಒಂದು ಚೀಲ ಕೊಟ್ಟು ಮನೆಯ ಚಾಕರಿಗೆ ಸೇರಿಸಿಕೊಂಡಿದ್ದರು.

"ವಲ್ಲಿ ಒಡ್ಡಿದ್ಯಾ? ನನ್ನ ಗಾಡಿಗೆ ನೀ ವಲ್ಲಿ ಒಡ್ಡಿದ್ಯಾ? ಇನ್ನ ಅವ್ರು ನನ್ನ ನಾಯಿ ಕರದಂಗ ಕರೀತಾರ!"

"ನಾಲಗಿ ಬಿಗಿ ಹಿಡಿ," ಎಂದು ಮುದುಕನೂ ಕೆರಳಿದ. "ಆಯ ಅಂದ್ರ ಭಿಕ್ಷಾ ಅಲ್ಲ, ಹಕ್ಕು. ನಾವಿಲ್ದ ಅವ್ರ ಬಾವ್ಯಾಗ ನೀರು ಮ್ಯಾಲ ಬರ್ತಿದ್ದಿಲ್ಲ. ಅವ್ರಿಗಿ ನಾವು ಬೇಕು, ನಮಗ ಅವ್ರು ಬೇಕು. ನಿನಗೇನು ಗೊತ್ತದ?"

"ತಿರುಗಿ ಕೊಟ್ಟು ಬರ್ತೀನಿ."

"ತಗೊಂಡಾಂವ ನಾನು. ನಾ ಕೊಡಂಗಿಲ್ಲ. ನೀ ಕೊಟ್ರ ಅದು ಕೊಟ್ಟಂಗಲ್ಲ."

ಅದು ನಿಜವೇ ಆಗಿತ್ತು. ಒಡ್ಡಿದ ಕೈಯೇ ಹಿಂದಿರುಗಿಸಬೇಕು ಎಂಬುದು ಊರಿನ ಕಟ್ಟಳೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಅಪ್ಪ ಮಗ ಇಬ್ಬರೂ ಮುಖ ತಿರುಗಿಸಿ ಕೂತರು. ಅಂಬ್ರಪ್ಪ ಅಂದು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಬಾಲಮ್ಮ ಚೀಲದ ಬಾಯಿ ಬಿಚ್ಚಿದಳು. ಮೊರಕ್ಕೆ ಸುರಿದು ಕೇರಿದರೆ ಅರ್ಧಕ್ಕರ್ಧ ಜೊಳ್ಳು ಹಾರಿಹೋಯಿತು. ಉಳಿದದ್ದು ಕಪ್ಪು ಹತ್ತಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅವಳು ಮೊರವನ್ನು ಮಾವನ ಮುಂದೆ ತಂದು ಕುಕ್ಕಿದಳು.

"ತಗೋರಿ ಮಾವ, ನಿಮ್ಮ ಹಕ್ಕು. ಹೋದ ವರ್ಷದ್ದು. ಮಿಲ್‌ನಾಗ ಯಾರೂ ತಗೊಳ್ಳಲಾರದ್ದು. ಕೋಳಿನೂ ತಿನ್ನಂಗಿಲ್ಲ."

ಖಂಡಪ್ಪ ಒಂದು ಕಾಳು ಬಾಯಿಗೆ ಹಾಕಿ ಕಡಿದ. ಉಗುಳಿದ. ಇನ್ನೊಂದು ಹಾಕಿಕೊಂಡ, ಅದನ್ನೂ ಉಗುಳಿದ. ಮೊರವನ್ನು ಪಕ್ಕಕ್ಕೆ ಸರಿಸಿದ.

"ಈ ಸಾಹುಕಾರ್ರ ಅಪ್ಪ ರಾಶಿ ನೆತ್ತಿಯಿಂದ ಅಳೀತಿದ್ದ," ಎಂದ. "ಜೊಳ್ಳು ಅಳದ್ರ ತನ್ನ ಮನಿಗೇ ಕೇಡು ಅಂತಿದ್ದ." ಆಮೇಲೆ ಎದ್ದು ಮಗನ ಕಡೆ ತಿರುಗಿದ. "ಗಾಡಿ ತೆಗಿ."

ಅಷ್ಟರಲ್ಲಿ ಮಲ್ಲಣ್ಣನ ಫೋನೂ ಬಂದಿತ್ತು. ಟ್ರ್ಯಾಕ್ಟರ್ ಮತ್ತೆ ಹೂತಿದೆ, ಲಗು ಬಾ ಎಂದು. ಅಪ್ಪ ಮಗ ಕಾಲುವೆ ಏರಿಗೆ ಹೋದಾಗ ಟ್ರ್ಯಾಕ್ಟರಿನ ಹಿಂದಿನ ಗಾಲಿ ಕೆಸರಲ್ಲಿ ಮುಕ್ಕಾಲು ಮುಳುಗಿತ್ತು. ಮಲ್ಲಣ್ಣ ಛತ್ರಿ ಹಿಡಿದು ನಿಂತಿದ್ದ, ಆಳುಗಳು ಸುತ್ತ ನಿಂತಿದ್ದರು.

"ಎಷ್ಟೊತ್ತಲೇ ಅಂಬ್ರ್ಯಾ? ಖಂಡ್ಯಾನೂ ಬಂದಾನಲ್ಲ! ಜಗ್ರಿ ಜಗ್ರಿ."

ಮಲ್ಲಣ್ಣನಿಗಿಂತ ಖಂಡಪ್ಪ ಏನಿಲ್ಲೆಂದರೂ ಮೂವತ್ತು ವರ್ಷ ದೊಡ್ಡವನು. ಖಂಡ್ಯಾ ಅಂತೆ! ಅಂಬ್ರಪ್ಪ ಗಾಡಿಯ ಬಾಗಿಲಿಗೆ ಕೈ ಹಾಕಿದ. ಆದರೆ ಮುದುಕ ಅವನಿಗಿಂತ ಮೊದಲು ಇಳಿದು, ಚೀಲವನ್ನು ಗಾಡಿಯಿಂದ ತಾನೇ ಎಳೆದು, ಮಲ್ಲಣ್ಣನ ಕಾಲಬುಡದಲ್ಲಿ ಇಟ್ಟ.

"ಜೊಳ್ಳದರಿ ಇದು. ತಗೊಂಡ ಕೈಲೇ ಕೊಟ್ಟೀನಿ."

ಮಲ್ಲಣ್ಣ ಮುಜುಗರಪಡಲಿಲ್ಲ. ಮುಜುಗರಪಡುವಂಥದ್ದು ನಡೆದಿದೆ ಎಂದೇ ಅವನಿಗೆ ಹೊಳೆಯಲಿಲ್ಲ. "ಆಳುಗಳು ಯಾವ ಚೀಲ ಎತ್ಕೊಟ್ಟಾರೋ ಏನೋ," ಎಂದು ನಕ್ಕ. "ಸಂಜಿಗಿ ಹೊಸ ಭತ್ತ ಕಳಿಸ್ತೀನಿ ಬಿಡು. ಸಣ್ಣಕ್ಕಿದು. ಎರಡು ಚೀಲ. ಆಯ್ತಲ್ಲ? ವಿಂಚ್ ಹಚ್ಚಲೇ ಅಂಬ್ರ್ಯಾ."

ಅಂಬ್ರಪ್ಪ ಅಪ್ಪನ ಮುಖ ನೋಡಿದ. ಒಳ್ಳೆ ಭತ್ತ, ಹೊಸ ಭತ್ತ, ಎಲ್ಲರ ಎದುರಿಗೆ ಆಡಿದ ಮಾತು. ಅಪ್ಪ ಬಯಸಿದ್ದು ಇದನ್ನೇ. ಈಗ ಅವನು ಹೂಂ ಎಂದರೆ ಮುಗಿಯಿತು, ತಾನು ಮಾತ್ರವಲ್ಲ, ತನ್ನ ನಂತರ ಈ ಗಾಡಿ ಹಿಡಿಯುವವರೂ ಈ ಮನೆಯ ಚಾಕರಿಗೆ ಬಿದ್ದ ಹಾಗೆ.

ಖಂಡಪ್ಪ ಟ್ರ್ಯಾಕ್ಟರನ್ನು ನೋಡಿದ, ಮಗನನ್ನು ನೋಡಿದ.

"ಮಿಣಿ ನಂದಿತ್ರಿ, ಅದಕ್ಕ ಆಯ ನಾ ತಗೊಂಡೆ," ಎಂದ. "ಈ ಗಾಡಿ ನನ್ನ ಮಗಂದು. ನಾ ಇದಕ್ಕ ಕೈ ಒಡ್ಡಿದ್ದೇ ತಪ್ಪು. ಟ್ರ್ಯಾಕ್ಟರ್ ತೆಗೀಬೇಕಂದ್ರ ಅವನ್ನ ಕೇಳ್ರಿ. ಕೇಳಿದ್ರ ಇಲ್ಲ ಅನ್ನಾಂವಲ್ಲ ಅಂವ."

ಪಿಕಪ್ಪಿನ ಮೂತಿ ಟ್ರ್ಯಾಕ್ಟರಿನ ಕಡೆಗೇ ಇತ್ತು, ತಂತಿ ಎಳೆದು ಹುಕ್ ಹಾಕುವುದಷ್ಟೇ ಬಾಕಿ. ಮಲ್ಲಣ್ಣ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಅಂಬ್ರಪ್ಪ, ಬಾರಪ್ಪ, ಒಂದಿಷ್ಟು ಜಗ್ಗು ಎಂದಿದ್ದರೆ ಅಂಬ್ರಪ್ಪ ಬಾಡಿಗೆಯನ್ನೂ ಬಿಟ್ಟು ಜಗ್ಗುತ್ತಿದ್ದ. ಮಲ್ಲಣ್ಣನ ತುಟಿ ಒಮ್ಮೆ ಅಲುಗಿತು ಕೂಡ. ಆಮೇಲೆ ಅವನು ಅಂಬ್ರಪ್ಪನ ಕಡೆಗೆ ಬೆನ್ನು ಮಾಡಿ ಆಳಿಗೆ ಹೇಳಿದ.

"ಶಹಾಪುರಕ್ಕ ಫೋನ್ ಹಚ್ಚು. ಕ್ರೇನ್ ಬರ್ಲಿ. ಎಷ್ಟು ಕೇಳ್ತಾರ ಅಷ್ಟು ಕೊಡೋಣು."

ಕ್ರೇನು ಬರುವ ಹೊತ್ತಿಗೆ ಗಾಲಿ ಪೂರ್ತಿ ಮುಳುಗುತ್ತದೆ ಎಂದು ಆಳುಗಳಿಗೂ ಗೊತ್ತಿತ್ತು. ಮಲ್ಲಣ್ಣನಿಗೂ ಗೊತ್ತಿತ್ತು. ಮುಳುಗಿದರೆ ಮುಳುಗಲಿ, ಕೈ ಬಿಚ್ಚಿ ದುಡ್ಡು ಸುರಿಯುವುದಾದರೆ ಸುರಿಯಲಿ, ಕೇರಿಯವನನ್ನು ಮಾತ್ರ ಕೇಳಬಾರದು. ಅಂಬ್ರಪ್ಪನಿಗೆ ಆ ಬೆನ್ನಿನ ಮೇಲೆ ಕೆಸರು ಎರಚುವಷ್ಟು ಸಿಟ್ಟು ಬಂತು. ಅಪ್ಪನ ತೋಳು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ, ಗಾಡಿ ತಿರುಗಿಸಿ ಹೊರಟ.

ಗೆದ್ದೆವು ಎಂದು ಅಪ್ಪ ಹಿಗ್ಗುತ್ತಾನೆ ಎಂದುಕೊಂಡಿದ್ದ. ಖಂಡಪ್ಪ ಹಿಗ್ಗಲಿಲ್ಲ. ದಾರಿಯುದ್ದಕ್ಕೂ ಕಿಟಕಿಯಾಚೆ ಭತ್ತದ ಗದ್ದೆಗಳನ್ನು ನೋಡುತ್ತ ಕೂತಿದ್ದ. ಊರು ಹತ್ತಿರ ಬಂದಾಗ ಬಾಯಿ ಬಿಟ್ಟ.

"ಕೇಳಲಿಲ್ಲಲ್ಲೋ ಅಂವ."

"ಕೇಳಂಗಿಲ್ಲಪ್ಪ ಅವ್ರು."

"ಅವ್ರಿಗಿ ನಾವು ಬೇಕು ಅಂತ ತಿಳ್ಕೊಂಡಿದ್ದೆ," ಎಂದ ಮುದುಕ. "ಜನ್ಮ ಪೂರ್ತಿ ಹಂಗ ತಿಳ್ಕೊಂಡು ಮಿಣಿ ಹೊಸದೆ. ಒಂದು ಮಾತು ಕೇಳಿದ್ರ ಏನು ಹೋಗ್ತಿತ್ತೋ ಅವಂದು?"

ಕಣ್ಣು ಮಂಜಾಗಿ ರಸ್ತೆ ಕಾಣದೆ, ಅಂಬ್ರಪ್ಪ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ.