ಕಾಗದದ ಚೀಲದ ಎರಡು ಕಿವಿ

ಗಿರ್ರನೆ ತಿರುಗಿ ನಿಂತಿತು ಸಿರಿಲ್‌ನ ಕೈಯಲ್ಲಿ ಕಂದು ಕಾಗದದ ಚೀಲ, ಮೂಲೆಗಳೆರಡೂ ಹುರಿಗೊಂಡು ಮೊಲದ ಕಿವಿಯ ಹಾಗೆ, ತಗೋ ಬಾತುಮರಿ, ನಿನ್ನ ಸೇಬು — ಪೋಸ್ಟ್‌ಮನ್‌ಗೂ ಬಾತುಮರಿಯೇ, ಅಷ್ಟು ದೊಡ್ಡ ಮೀಸೆಯವನಿಗೆ! ನನ್ನ ಮುಂದೆ ಇನ್ನೂ ಮೂವರು, ಶನಿವಾರದ ಸಂತೆ, ಕಾಲಡಿ ಕೋಸಿನ ಎಲೆ ಜಾರುತ್ತಿದೆ, ತಕ್ಕಡಿಯ ಹಿಂದೆ ಸಿರಿಲ್, ಕಳೆದ ಭಾನುವಾರ ಕಾಲುವೆಯ ದಂಡೆಯಲ್ಲಿ ನನ್ನ ಮದ್ವೆ ಆಗ್ತೀಯಾ ಬಾತುಮರಿ ಅಂದವನು, ಅದೇ ದನಿ, ಅದೇ ಮಾತು, ನಮ್ಮ ಡರ್ಬಿಶೈರ್ ಸೀಮೆಯಲ್ಲಿ ಬಸ್ ಕಂಡಕ್ಟರನಿಂದ ಹಿಡಿದು ಹಲ್ಲು ಕೀಳುವವನವರೆಗೆ ಎಲ್ಲರ ಬಾಯಲ್ಲೂ ಸವೆದ ಮುದ್ದುಮಾತು, ನಾನು ಕಾದದ್ದು ಅದಕ್ಕಲ್ಲ — ಅಜ್ಜಿಯ ಕಥೆಯಲ್ಲಿ ರಾಜಕುಮಾರ ಗುಡ್ಡದ ಮುಂದೆ ನಿಂತು ಒಂದು ಹೆಸರು ಉಸುರುತ್ತಾನೆ, ಲೋಕದಲ್ಲಿ ಇನ್ಯಾರಿಗೂ ಇಲ್ಲದ ಹೆಸರು, ಬಂಡೆ ಸೀಳಿ ಬಾಗಿಲಾಗುತ್ತದೆ, ನನಗೋ ಆಲೂಗಡ್ಡೆ ಕೊಳ್ಳುವವರ ಜೊತೆ ಪಾಲಾದ ಹೆಸರು, ಅಂದೇಬಿಟ್ಟೆ, ಊರಿಗೆಲ್ಲ ಹಂಚೋ ಮಾತು ನಂಗೆ ಬೇಡ ಸಿರಿಲ್, ನಂಗೇ ಅಂತ ಒಂದು ಹುಡುಕ್ಕೊಂಡು ಬಾ, ಆಮೇಲೆ ಕೇಳು, ಅವನು ಟೋಪಿ ತೆಗೆದ, ಒಳಗೆ ನೋಡಿದ, ಮತ್ತೆ ಹಾಕಿಕೊಂಡ, ವಾರವಿಡೀ ಸುಳಿವಿಲ್ಲ — ಗಿರ್ರ್, ಇನ್ನೊಂದು ಚೀಲ, ಎರಡು ಕಿವಿ, ಹುಷಾರು ಬಾತುಮರಿ, ಮೊಟ್ಟೆ ಇದೆ ಒಳಗೆ.

ಇನ್ನಿಬ್ಬರು. ನಾನಂದದ್ದು ಕೇಳಿ ಅಜ್ಜಿ ನಕ್ಕಿದ್ದಳು, ತಲೆ ಕೆಟ್ಟಿದ್ಯಾ ನಿಂಗೆ, ನಿಮ್ಮ ತಾತ ಐವತ್ತು ವರ್ಷ ನನ್ನನ್ನ ಬಾತುಮರಿ ಅಂದ್ರು, ಹಾಲಿನ ಗಾಡಿ ಕುದುರೆಗೂ ಅದನ್ನೇ ಅಂದ್ರು, ವಿನಿಫ್ರೆಡ್ ಅಂತ ನನ್ನ ಹೆಸರು ಹಿಡಿದದ್ದು ಎರಡೇ ಸಲ ಕಣೆ, ಮದ್ವೆ ದಿನ ಚರ್ಚಲ್ಲಿ ಪಾದ್ರಿ ಹೇಳಿಸಿದಾಗೊಮ್ಮೆ, ಗೂಡು ತೊಳೆಯೋಕೆ ಹೋಗಿ ಅವರ ಪಂದ್ಯದ ಪಾರಿವಾಳಾನೆಲ್ಲ ಹಾರಿಬಿಟ್ಟೆನಲ್ಲ ಆಗೊಮ್ಮೆ, ಮೂರು ದಿನ ಮನೇಲಿ ಮಾತಿಲ್ಲ ಕತೆಯಿಲ್ಲ — ಇದೂ ಅವಳ ಕಥೆಗಳಲ್ಲೊಂದು ಅಂತ ಹೂಂಗುಟ್ಟಿದೆನಲ್ಲ, ಪೆದ್ದಿ ನಾನು, ಮುಂದೆ ಇನ್ನೊಬ್ಬಳೇ, ಕ್ಯಾರೆಟ್ ಆರಿಸಲು ಎಷ್ಟು ಹೊತ್ತು ಈಕೆಗೆ, ನಿದ್ದೆಗೆಟ್ಟು ನಿರ್ಧಾರ ಮಾಡಿ ಬಂದಿದ್ದೇನೆ, ಹೊಸ ಹೆಸರು ಹುಡುಕಿರಲಿ, ಹಳೆಯದನ್ನೇ ಅನ್ನಲಿ, ಹೂಂ ಅಂದುಬಿಡುತ್ತೇನೆ, ಅವನು ಬಾಯಿ ತೆರೆದರೆ ಸಾಕು — ನಿಮಗೇನು ಕೊಡ್ಲಿ, ಮ್ಯೂರಿಯಲ್?

ನಿಮಗೆ. ಮ್ಯೂರಿಯಲ್. ನನ್ನದೇ ಹೆಸರು, ಗಿರವಿ ಅಂಗಡಿಯ ಕಿಟಕಿಯಲ್ಲಿ ಮಾರಾಟಕ್ಕಿಟ್ಟ ಹಾಗೆ, ಸೇಬು ಅಂದೆ, ನಾಲ್ಕು, ಹೂಂ ಅನ್ನಲು ಅವನು ಕೇಳಿದ್ದಾದರೂ ಏನು, ಅವನು ಕಣ್ಣೆತ್ತದೆ ತೂಗಿದ, ಚೀಲಕ್ಕೆ ಹಾಕಿದ, ಎರಡು ಮೂಲೆ ಹಿಡಿಯಲಿಲ್ಲ, ತಿರುಗಿಸಲಿಲ್ಲ, ಹಾಗೇ ಚಾಚಿದ, ಬಾಯಿ ತೆರೆದ ಚೀಲ, ಬೆನ್ನ ಹಿಂದೆ ಆಲ್ಸಪ್ ಮುದುಕಿ ಮೊಣಕೈಯಿಂದ ತಿವಿದು, ಆಯ್ತಾ ಹುಡುಗಿ, ಸರಿ ಆಚೆ, ಸಿರಿಲ್‌ನ ಮುಖ ಅರಳಿತು, ಬಾ ಬಾತುಮರಿ, ಮಂಡಿನೋವು ಹೇಗಿದೆ — ಅನ್ನು ಸಿರಿಲ್, ನನಗೂ ಒಂದು ಸಲ ಅನ್ನು, ಊರಿಗೆಲ್ಲ ಅಂದು ಉಳಿದದ್ದಾದರೂ ಸರಿ, ನಾನೇ ಚೀಲ ಹಿಡಿದು ತಿರುಗಿಸಲು ಹೋದೆ, ಮೂಲೆ ಹರಿದು ಒಂದು ಸೇಬು ಕೋಸಿನ ಎಲೆಗಳ ನಡುವೆ ಉರುಳಿತು, ಬಗ್ಗಲಿಲ್ಲ, ಕಣ್ಣು ಅಲ್ಲೇ, ಮುದುಕಿಯ ಈರುಳ್ಳಿ, ಅವನ ಕೈ, ಗಿರ್ರ್ — ಎರಡು ಕಿವಿ, ಎಷ್ಟು ನೆಟ್ಟಗೆ, ಎರಡು ಕಿವಿ