ಹೆಡ್ಲಿಯ ಹುಲ್ಲು

ಬೆರಿಲ್ ಕಾರಿನ ಗಾಜು ಇಳಿಸಿ, ಶವದ ಗಾಡಿಯ ಮುಂದೆ ನಡೆಯುತ್ತಿದ್ದವನನ್ನು ಕೂಗಿದಳು. "ರೀ, ಟೋಪಿಯವರೇ! ಆ ಕಡೆ ತಿರುಗಿಸ್ಬೇಡಿ. ನೇರ ಹೋಗಿ."

ಶವಸಂಸ್ಕಾರದ ಕಂಪನಿಯವನು ಎತ್ತರದ ಕಪ್ಪು ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಕ್ಕೆ ಬಂದ. "ಮೈದಾನದ ಗೇಟಿನ ಮುಂದೆ ಒಂದು ನಿಮಿಷ ನಿಲ್ಲಿಸೋದು ಅಂತ ಇತ್ತಲ್ಲಮ್ಮ. ಕ್ಲಬ್ಬಿನೋರು ಕಾಯ್ತಿದಾರೆ."

"ಕಾಯ್ಲಿ."

ಗಣಿ ಮುಚ್ಚಿದ ಮೇಲೂ ಕ್ಲೇಥಾರ್ಪ್ ಊರಿನಲ್ಲಿ ಆ ಪದ್ಧತಿ ಉಳಿದಿತ್ತು. ರಗ್ಬಿ ಲೀಗ್ ಕ್ಲಬ್ಬಿಗಾಗಿ ದುಡಿದವರು ತೀರಿಕೊಂಡರೆ ಅವರ ಶವ ಮೈದಾನದ ಗೇಟನ್ನು ಹಾದೇ ಚಿತಾಗಾರಕ್ಕೆ ಹೋಗಬೇಕು. ಬೆರಿಲ್‌ಳ ಗಂಡ ಹೆಡ್ಲಿ ಸಟ್‌ಕ್ಲಿಫ್ ಮೂವತ್ತೆಂಟು ವರ್ಷ ಆ ಮೈದಾನದ ಹುಲ್ಲನ್ನು ಸಾಕಿದವನು. ಅವನ ಗಾಡಿ ಈಗ ನೇರ ಹೋಯಿತು. ಪಕ್ಕದ ರಸ್ತೆಯ ಕೊನೆಯಲ್ಲಿ ಕೊಡೆಗಳು, ಕಡುಗೆಂಪು ಮಫ್ಲರುಗಳು ಒಂದು ಕ್ಷಣ ಕಂಡು ಮರೆಯಾದವು.

"ಪಾಪ, ಮಳೇಲಿ ನಿಂತಿದಾರೆ ಕಣೇ," ಎಂದಳು ಪಕ್ಕದಲ್ಲಿದ್ದ ಎಡ್ನಾ. ಅವಳು ಹೆಡ್ಲಿಯ ತಂಗಿ.

"ನಿಮ್ಮಣ್ಣನ ಬೂದೀನ ರೈಲು ಹಳಿ ಕಡೆ ಗೋಲುಕಂಬದ ಬುಡಕ್ಕೆ ಹಾಕ್ತೀವಿ ಅಂತ ಮಾತು ಕೊಟ್ಟೋರು ಇವರೇ ತಾನೆ? ಸೋಮವಾರ ಯಂತ್ರ ತಂದು ಪೂರ್ತಿ ಹುಲ್ಲು ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸ್ತಾರಂತೆ. ಅವರಿಗೆ ಪಾಪ ಅಂತೀಯಾ!"

"ಆಟ ಬೆಳೀತಾ ಇದೆ, ಜಾಗ ಸಾಲ್ತಿಲ್ಲ ಅಂತಾರಪ್ಪ."

"ಎಲ್ಲಿ ಬೆಳೀತಾ ಇದೆ? ಭಾನುವಾರ ಭಾನುವಾರ ನಿಮ್ಮಣ್ಣ ಏನು ಹೇಳ್ತಿದ್ದ, ಕೇಳಿಲ್ವಾ ನೀನು?"

ಎಡ್ನಾ ತನ್ನ ಒಣ ಕರವಸ್ತ್ರವನ್ನು ಬೆರಿಲ್‌ಳ ಮಡಿಲಲ್ಲಿ ಇಟ್ಟಳು.

* * *

ಆಟ ಮುಗಿದ ಮೇಲೆ ಮನೆಗೆ ಬಂದು ಬೂಟು ಬಿಚ್ಚುವಾಗ ಹೆಡ್ಲಿಯ ವರದಿ ಶುರುವಾಗುತ್ತಿತ್ತು.

"ಇವತ್ತು ನೂರಾ ಹನ್ನೆರಡು ಜನ. ಅದ್ರಲ್ಲಿ ಮೂವತ್ತು ಜನ ಹೆಂಡ್ತಿ ಕಾಟ ತಪ್ಪಿಸ್ಕೊಂಡು ಬಂದೋರು. ಮುಗೀತು ಕಣೇ ಈ ಆಟ. ನಾನು ಸಾಯೋ ಹೊತ್ತಿಗೆ ನೋಡೋಕೆ ಕಾಗೆಗಳೇ ಗತಿ."

"ನೀನು ಯಾರ ಕಾಟ ತಪ್ಪಿಸ್ಕೊಂಡು ಹೋಗಿದ್ದೆ?"

"ನಾನಾ? ನಾನು ಇನ್ನೊಬ್ಬಳನ್ನ ನೋಡೋಕೆ ಹೋಗೋನು."

ಆ ಇನ್ನೊಬ್ಬಳ ಆರೈಕೆಗೆ ಬೆರಿಲ್ ಎಂದೂ ಅಡ್ಡ ಬಂದವಳಲ್ಲ. ಹಿಮ ಬೀಳುವ ವಾರಗಳಲ್ಲಿ ಅವನು ಬೆಳಗಿನ ಆರಕ್ಕೇ ಹೋಗಿ ಹುಲ್ಲಿಗೆ ಒಣಹುಲ್ಲು ಹೊದಿಸುತ್ತಿದ್ದ. ಕ್ಲಬ್ಬು ಕೊಡುತ್ತಿದ್ದುದು ಬಿಟ್ಟಿ ಬಿಯರು ಮಾತ್ರ. ಹೊಟ್ಟೆಪಾಡಿಗೆ ಗಣಿಯಿತ್ತು, ಆಮೇಲೆ ಬಿಸ್ಕತ್ ಕಾರ್ಖಾನೆ. ಆರು ವರ್ಷದ ಹಿಂದೆ ಒಂದು ದಿನ ಊಟ ಮಾಡುತ್ತಾ, ಉಪ್ಪು ಕೇಳುವ ದನಿಯಲ್ಲೇ ಹೇಳಿದ್ದ: "ನನ್ನ ಆ ರೈಲು ಹಳಿ ಕಡೆ ಕಂಬದ ಬುಡಕ್ಕೆ ಹಾಕಿಬಿಡು. ಅಲ್ಲಿ ಹುಲ್ಲು ಸ್ವಲ್ಪ ತೆಳ್ಳಗಿದೆ. ಗೊಬ್ಬರ ಆಗ್ತೀನಿ."

ಅವನು ಅವಳಲ್ಲಿ ಏನನ್ನಾದರೂ ಕೇಳಿದ್ದೇ ಕಡಿಮೆ. ಅವಳು ಆಗಲೆಂದಿದ್ದಳು.

* * *

ಚಿತಾಗಾರದಿಂದ ಬಂದವರಿಗೆ ಕ್ಲಬ್ಬಿನ ಬದಲು ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಉಪಚಾರ ನಡೆಯಿತು. ಹ್ಯಾಮ್ ಸ್ಯಾಂಡ್‌ವಿಚ್, ಹಂದಿಮಾಂಸದ ಪೈ, ಎಡ್ನಾ ಮಾಡಿದ ಹಣ್ಣಿನ ಕೇಕು. ಕ್ಲಬ್ಬಿನ ಅಧ್ಯಕ್ಷ ಕೀತ್ ಒದ್ದೆ ಕೋಟಿನಲ್ಲೇ ಬಾಗಿಲ ಬಳಿ ನಿಂತಿದ್ದ. ಬೆರಿಲ್ ಟೀ ಕೆಟಲು ಹಿಡಿದು ಎಲ್ಲರಿಗೂ ಬಗ್ಗಿಸಿದಳು. ಕೀತ್ ಕಪ್ಪು ಮುಂದೆ ಚಾಚಿದಾಗ ಅದನ್ನು ದಾಟಿ ಪಕ್ಕದವನಿಗೆ ಹೊಯ್ದಳು.

"ಸರಿ ಬೆರಿಲ್," ಎಂದ ಕೀತ್ ಮೆಲ್ಲಗೆ. ಖಾಲಿ ಕಪ್ಪನ್ನು ಹಾಗೇ ಹಿಡಿದುಕೊಂಡಿದ್ದ, ಟೀ ಇದ್ದಂತೆ.

ಅಡುಗೆಮನೆಯಲ್ಲಿ ಮಾರ್ಲೀನ್ ಪಾತ್ರೆ ತೊಳೆಯುತ್ತಿದ್ದಳು. ಪಂದ್ಯದ ದಿನ ಕ್ಲಬ್ಬಿನಲ್ಲಿ ಪೈ ಬಿಸಿ ಮಾಡುವವಳು, ಸಮಿತಿಯಲ್ಲೂ ಇದ್ದವಳು.

"ಒಂದು ಕಪ್ ಟೀ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

"ಹುಲ್ಲು ಕೀಳೋಕೆ ಕೈ ಎತ್ತಿದವನಿಗೆ ಟೀ ಬೇರೆ ಕೇಡು."

ಮಾರ್ಲೀನ್ ನೀರಿನ ನಲ್ಲಿ ನಿಲ್ಲಿಸಿದಳು. "ಕೀತ್ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಬೇಕು ಅಂದೋರು ನಾಲ್ಕು, ಬೇಡ ಅಂದೋರು ನಾಲ್ಕು. ಒಂಬತ್ತನೇ ಕೈ ನಿನ್ನ ಗಂಡಂದು."

ಬೆರಿಲ್ ಒರೆಸುತ್ತಿದ್ದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಸುಳ್ಳು."

"ಇವತ್ತು ಸುಳ್ಳು ಹೇಳ್ತೀನಾ ನಾನು? 'ಬೆರಿಲ್‌ಗೆ ಈಗ್ಲೇ ಯಾರೂ ಹೇಳ್ಬೇಡಿ, ನಾನೇ ನಿಧಾನಕ್ಕೆ ಹೇಳ್ತೀನಿ' ಅಂದಿದ್ದ. ಮುಂದಿನ ಶನಿವಾರ ಕುರ್ಚೀಲಿ ಕೂತೋನು ಏಳಲೇ ಇಲ್ಲ. ಅದಕ್ಕೇ ನೀನು ಬೈದಿದ್ದನ್ನೆಲ್ಲ ಕೀತ್ ಬೈಸ್ಕೊಂಡು ಸುಮ್ನಿದ್ದ. ನನಗೆ ತಡೆಯೋಕಾಗ್ಲಿಲ್ಲ ಅಷ್ಟೇ."

* * *

ಮೂರು ವರ್ಷದ ಹಿಂದೆ ಕ್ಲಬ್ಬಿಗೆ ಏಳು ಹುಡುಗಿಯರು ಬಂದು ತಾವೂ ಆಡಬೇಕೆಂದರು. ಒದ್ದೆ ಮೈದಾನಕ್ಕೆ ಇಳಿದ ಅವರನ್ನು ಹೆಡ್ಲಿ ಕೂಗಾಡಿ ಓಡಿಸಿದ. ಅವರು ಶಾಲೆಯ ಡಾಂಬರು ಅಂಗಳಕ್ಕೆ ಹೋಗಿ ಅಭ್ಯಾಸ ಮಾಡಿದರು. ಏಳು ಜನ ಇದ್ದವರು ಇಪ್ಪತ್ತಾದರು, ಈ ವರ್ಷ ಅರವತ್ತಮೂರು. ಒಮ್ಮೆ ಆ ದಾರಿಯಲ್ಲಿ ಬರುತ್ತಿದ್ದ ಹೆಡ್ಲಿ, ಚೆಂಡು ಹಿಡಿದು ಓಡುತ್ತಿದ್ದ ಒಬ್ಬಳು ಡಾಂಬರಿನ ಮೇಲೆ ಬಿದ್ದು, ಮೊಣಕೈಯಿಂದ ಜಲ್ಲಿಕಲ್ಲು ಕಿತ್ತು ಬಿಸಾಡಿ ಮತ್ತೆ ಓಡಿದ್ದನ್ನು ಕಂಡ.

ಅಲ್ಲಿಂದಾಚೆ ಪ್ರತಿ ಮಂಗಳವಾರ ಸಂಜೆ ಅವನು ಪೊರಕೆ ಹಿಡಿದು ಹೊರಡುತ್ತಿದ್ದ. ಕೇಳಿದರೆ ಗೇಟಿನ ಬಳಿ ಎಲೆ ಗುಡಿಸುವುದಿದೆ ಎನ್ನುತ್ತಿದ್ದ. ಹುಡುಗಿಯರು ಬರುವ ಮುಂಚೆ ಅವನು ಅಷ್ಟೂ ಡಾಂಬರು ಗುಡಿಸಿ, ಜಲ್ಲಿಯನ್ನು ಬಕೆಟ್ಟಿಗೆ ತುಂಬಿ ಹೊರಟುಬಿಡುತ್ತಿದ್ದನೆಂದು ಬೆರಿಲ್‌ಗೆ ತಿಳಿದದ್ದು ಈಗ, ಮಾರ್ಲೀನ್‌ಳ ಬಾಯಿಂದ.

ಸಮಿತಿಯಲ್ಲಿ ಕೈ ಎತ್ತಿ ಅವನು ಹೇಳಿದ್ದಿಷ್ಟೇ: "ನನ್ನ ಹುಲ್ಲು ವಾರಕ್ಕೆ ಒಂದಾಟ ತಡೆಯುತ್ತೆ. ಇವರು ವಾರಪೂರ್ತಿ ಆಡೋರು. ಇನ್ನೆಷ್ಟು ದಿನ ಓಡಿಸಲಿ?" ನಿನ್ನ ಬೂದಿಗೇನು ಗತಿಯೋ ಎಂದು ಕೀತ್ ಕೇಳಿದಾಗ, "ಸತ್ತೋನಿಗೆ ಜಾಗಕ್ಕೇನು ಬರ," ಎಂದನಂತೆ.

* * *

ಬೆರಿಲ್ ಹೊರಗೆ ಬಂದು ಕೀತ್‌ನ ಕಪ್ಪಿಗೆ ಟೀ ಬಗ್ಗಿಸಿದಳು. ಹಾಲು ಹಾಕಿದಳು. ಅವನು ಕುಡಿದು ಮುಗಿಸುವವರೆಗೂ ಎದುರಲ್ಲೇ ನಿಂತಿದ್ದು, "ನಡಿ, ಮೈದಾನಕ್ಕೆ ಹೋಗೋಣ," ಎಂದಳು.

ಮಳೆ ನಿಂತಿತ್ತು. ಶಾಲೆಗೆ ರಜೆಯ ವಾರ. ಗೇಟಿನ ಬಳಿ ಇಪ್ಪತ್ತೈದು ಮೂವತ್ತು ಹುಡುಗಿಯರು ಕ್ಲಬ್ಬಿನ ಜಾಕೀಟಿನಲ್ಲಿ ಒದ್ದೆಯಾಗಿ ಕುಳಿತಿದ್ದರು. ಬೆರಿಲ್‌ಳನ್ನು ಕಂಡು ಎದ್ದು ನಿಂತರು.

"ಇನ್ನೂ ಇಲ್ಲೇ ಇದೀರಾ?"

"ಗಾಡಿ ವಾಪಸ್ ಬರುವಾಗಾದ್ರೂ ಈ ಕಡೆ ಬರಬಹುದು ಅಂದ್ಕೊಂಡ್ವಿ ಆಂಟಿ," ಎಂದಳು ಟೆಗನ್. ಹದಿನಾಲ್ಕರ ಹುಡುಗಿ, ದೊಡ್ಡ ಹುಡುಗಿಯರ ತಂಡದ ನಾಯಕಿ. ಮೊಣಕೈಯಲ್ಲಿ ಹಳೆಯ ಗಾಯದ ಬಿಳಿ ಕಲೆಯಿತ್ತು.

ಖಾಲಿಯಾಗಿ ವಾಪಸು ಬರುವ ಗಾಡಿಗಾಗಿ ಕಾದ ಮಕ್ಕಳು. ಬೆರಿಲ್ ಅವರ ಮುಖ ನೋಡಲಾರದೆ ಮೈದಾನದ ಕಡೆ ತಿರುಗಿದಳು. ಒಂದು ಹೆಜ್ಜೆಯ ಗುರುತೂ ಇಲ್ಲದ ಹಸಿರು.

"ಬೂದಿ ನಾಳೆ ಕೈಗೆ ಬರುತ್ತೆ ಕೀತ್. ಆ ಯಂತ್ರದೋರು ಎಷ್ಟು ಆಳ ಅಗೀತಾರೆ?"

"ಒಂದೂವರೆ ಅಡಿ."

"ಹಾಗಾದ್ರೆ ನೀನು ಎರಡೂವರೆ ಅಡಿ ಅಗಿ. ಕಂಬದ ಬುಡದಲ್ಲೇ. ಮೇಲೆ ಅವರು ಏನು ಬೇಕಾದ್ರೂ ಹಾಸ್ಕೊಳ್ಳಲಿ."

ಕೀತ್ ಸೊಂಟದ ಮೇಲೆ ಕೈಯಿಟ್ಟ. "ನನ್ನ ಸೊಂಟದ ಕತೆ ಗೊತ್ತಲ್ಲ ಬೆರಿಲ್."

"ಮಾರ್ಲೀನ್‌ನ ಕರ್ಕೊ. ಅವಳ ಸೊಂಟ ಗಟ್ಟಿಯಾಗಿದೆ, ಬಾಯಿ ಹಾಗೆ."

ಆಮೇಲೆ ಹುಡುಗಿಯರಿಗೆ ಹೇಳಿದಳು: "ಚೆಂಡು ತಂದಿದೀರಾ? ಇಳೀರಿ."

ಯಾರೂ ಇಳಿಯಲಿಲ್ಲ. ಬಿಳಿ ಗೆರೆಯ ಅಂಚಿಗೆ ಬಂದು, ಕಾಲ್ಬೆರಳು ತಾಗದಂತೆ ನಿಂತರು.

"ಒದ್ದೆ ಇದೆ ಆಂಟಿ," ಎಂದಳು ಟೆಗನ್. "ಹಾಳಾಗುತ್ತೆ. ಅವರು ಬೈತಿದ್ರು."

"ಮೂರು ದಿನ ಇರೋ ಹುಲ್ಲು ಕಣೇ ಇದು. ನೀವು ಆಡದೆ ಇನ್ನು ಯಾರು ಆಡ್ತಾರೆ?"

ಬೆರಿಲ್ ತಾನೇ ಮೊದಲು ಗೆರೆ ದಾಟಿ ರೈಲು ಹಳಿ ಕಡೆಯ ಕಂಬದವರೆಗೂ ನಡೆದಳು. ಹಿಂದೆ ಯಾರೋ ಕಿರುಚಿದರು, ಯಾರೋ ನಕ್ಕರು, ಆಮೇಲೆ ಒಟ್ಟಿಗೇ ಕಾಲುಗಳ ಸದ್ದು. ನೋಡುನೋಡುತ್ತ ಮೈದಾನದ ನಡುವೆ ಕಪ್ಪು ಕೆಸರು ಎದ್ದಿತು, ಹುಲ್ಲಿನ ಹೆಂಟೆಗಳು ಹಾರಿದವು. ಟೆಗನ್ ಚೆಂಡನ್ನು ಎದೆಗವಚಿ ಓಡಿ ಬಂದಳು. ಮೂವರು ಅವಳ ಸೊಂಟಕ್ಕೆ, ಕಾಲಿಗೆ ಜೋತುಬಿದ್ದು ಎಳೆಯುತ್ತಿದ್ದರು. ನಾಲ್ವರೂ ಒಂದೇ ರಾಶಿಯಾಗಿ ಜಾರುತ್ತ, ಉದ್ದಕ್ಕೂ ಹುಲ್ಲನ್ನು ಸುಲಿಯುತ್ತ, ನೇರ ಕಂಬದ ಕಡೆಗೇ ಬಂದರು.

ಕೋಟಿಗೆ ಸಿಡಿದ ಕೆಸರನ್ನು ಒರೆಸದೆ, ಬೆರಿಲ್ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವರಿಗೆ ಜಾಗ ಕೊಟ್ಟಳು.