ನೂರಹತ್ತರ ಗೆರೆ

ತಾಯಿ ಪೆಟ್ಟಿಗೆಯನ್ನು ಮಗಳ ಕೈಗೆ ಕೊಡದೆ ತಾನೇ ಸೊಂಟಕ್ಕೆ ಆನಿಸಿಕೊಂಡು ಗ್ಯಾರೇಜ್ ಸಲಕರಣೆ ಮಾರುವ ಅಂಗಡಿಯ ಮೆಟ್ಟಿಲು ಹತ್ತಿದಳು. ಗಂಡ ಇಪ್ಪತ್ತೆರಡು ವರ್ಷ ಗ್ಯಾರೇಜಿನಲ್ಲಿ ಹಿಡಿದು ದುಡಿದ ಸಲಕರಣೆಗಳು ಅದರಲ್ಲಿದ್ದವು. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಆಸ್ಪತ್ರೆಯ ಮಂಚದಲ್ಲಿ ಮಲಗಿ ಅವನು ಕೇಳಿಕೊಂಡದ್ದು ಒಂದೇ: "ನನ್ನ ಸಾಮಾನು ಅವರಿವರ ಪಾಲಾಗದಿರಲಿ. ಮಗಳಿಗೆ ಕೊಡು."

ಈಗ ಮಗಳು ಮೆಕ್ಯಾನಿಕ್ ತರಬೇತಿಯ ಎರಡನೇ ವರ್ಷದಲ್ಲಿದ್ದಳು. ಸೋಮವಾರದಿಂದ ಎಲ್ಲರೂ ಸ್ವಂತ ಸಲಕರಣೆ ತರಬೇಕೆಂದು ಮೇಷ್ಟ್ರು ಹೇಳಿದ್ದರು. ಒಂದೆರಡು ಕಡಿಮೆ ಬಿದ್ದರೆ ಕೊಂಡರಾಯಿತು, ಉಳಿದದ್ದೆಲ್ಲ ಅಪ್ಪನದೇ ಆಗಲಿ ಎಂಬುದು ತಾಯಿಯ ಆಸೆ.

ಅಂಗಡಿಯ ಯಜಮಾನರಿಗೆ ಮೆಕ್ಯಾನಿಕ್‌ಗಳು ಇಟ್ಟ ಹೆಸರು ಮಿಲಿಮೀಟರ್. ಟೀ ಲೋಟವನ್ನೂ ಮೇಜಿನ ಅಂಚಿಗೆ ಸರಿಯಾಗಿ ಅಳೆದಿಟ್ಟ ಹಾಗೆ ಇಡುವ ಮನುಷ್ಯ.

"ಮೊದಲು ಇರೋದನ್ನ ನೋಡೋಣಮ್ಮ. ಕೊಳ್ಳೋ ಮಾತು ಆಮೇಲೆ" ಎಂದು ಅವರು ಪೆಟ್ಟಿಗೆ ತೆರೆದರು. ಮುಂದಿನ ಹಲಗೆಯ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ಹೊಸ ಬೋಲ್ಟುಗಳ ಸಾಲು ಇತ್ತು. ಒಂದೊಂದು ಸ್ಪ್ಯಾನರನ್ನೂ ಅದರದರ ಬೋಲ್ಟಿಗೆ ತೊಡಿಸಿ ಅಲುಗಾಡಿಸಿದರು.

"ಹತ್ತನೇ ಸೈಜು ಚೆನ್ನಾಗಿದೆ. ಹನ್ನೆರಡು ಅಪ್ಪಟ ಚಿನ್ನ. ಈ ಹದಿಮೂರು ಮಾತ್ರ ನನ್ನ ಭಾವಮೈದುನನ ಥರ, ಬಾಯಿ ಅಗಲ, ಹಿಡಿತ ಇಲ್ಲ. ಬೋಲ್ಟಿನ ಮೂಲೆಯೆಲ್ಲ ಸವೆಸಿಬಿಡುತ್ತೆ."

ಮಗಳು ನಕ್ಕು, ಗಾಜಿನ ಕಪಾಟಿನಲ್ಲಿ ಫಳಫಳ ಹೊಳೆಯುತ್ತಿದ್ದ ಹೊಸ ಹದಿಮೂರೊಂದನ್ನು ತೋರಿಸಿದಳು.

"ಅದು ನೋಡೋಕೆ ಚೆಂದ ಮರಿ. ಎಣ್ಣೆ ಕೈಯಲ್ಲಿ ಜಾರಿ ಬೆರಳು ಜಜ್ಜುತ್ತೆ. ಇದನ್ನ ಹಿಡಿ. ಕಣ್ಣು ಮುಚ್ಚಿಕೊಂಡು ಹಿಡಿ. ಭಾರ ಅನಿಸಬಾರದು, ಕೈಯಲ್ಲಿ ಏನೂ ಇಲ್ಲ ಅಂತಲೂ ಅನಿಸಬಾರದು."

ಮಗಳು ಕಣ್ಣು ಮುಚ್ಚಿ ನಾಲ್ಕು ಹಿಡಿದು ನೋಡಿ, ಮೂರನೆಯದನ್ನು ಆರಿಸಿದಳು. ಅವಳ ಕೈ ಅಪ್ಪನ ಕೈಗಿಂತ ಚಿಕ್ಕದು ಎಂಬುದು ತಾಯಿಗೆ ಆಗಲೇ ಹೊಳೆದದ್ದು.

ಪೆಟ್ಟಿಗೆಯ ತಳದಲ್ಲಿ ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿದ್ದ ಟಾರ್ಕ್ ವ್ರೆಂಚ್ ಉಳಿದಿತ್ತು. ಎಷ್ಟು ಬಿಗಿಯಬೇಕೋ ಆ ಸಂಖ್ಯೆಗೆ ಹಿಡಿ ತಿರುಗಿಸಿ ಗೆರೆ ಕೂರಿಸಿದರೆ, ಚಕ್ರದ ನಟ್ಟು ಅಷ್ಟು ಬಿಗಿಯಾದ ಕೂಡಲೇ ಟಕ್ಕೆಂದು, ಸಾಕು ಎಂದು ಹೇಳುವ ಉದ್ದನೆಯ ಸಲಕರಣೆ.

"ಅವರು ಹೋಗಿ ಮೂರು ವರ್ಷ. ಇದು ಅವರು ಇಟ್ಟ ಹಾಗೇ ಇದೆ ಅಣ್ಣ" ಎಂದಳು ತಾಯಿ.

ಯಾರದೋ ಕಾರಿನ ಚಕ್ರ ಬಿಗಿಯುತ್ತಿದ್ದಾಗಲೇ ಅವನು ಎದೆ ಹಿಡಿದುಕೊಂಡು ಕುಸಿದಿದ್ದ. ವ್ರೆಂಚಿನ ಗೆರೆ ಅಂದಿನಿಂದ ನೂರಹತ್ತರಲ್ಲೇ ನಿಂತಿತ್ತು. ಪ್ರತಿ ಭಾನುವಾರ ಪಾತ್ರೆ ತೊಳೆದಾದ ಮೇಲೆ ಅವಳು ಅದನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದಳು, ಹಿಡಿ ಒಂದಿಷ್ಟೂ ತಿರುಗದಂತೆ, ಕೂಸಿನ ತಲೆ ಒರೆಸಿದಷ್ಟು ಮೆತ್ತಗೆ. ಒಮ್ಮೆ ಮಗಳು ಹಿಡಿ ತಿರುಗಿಸಲು ಹೋದಾಗ ಕೈಮೇಲೆ ಏಟು ಬಿದ್ದಿತ್ತು.

ಯಜಮಾನರು ಕನ್ನಡಕ ಸರಿಮಾಡಿಕೊಂಡು ಗೆರೆ ನೋಡಿದರು. "ಮೂರು ವರ್ಷವೂ ಹೀಗೇ ಇತ್ತಾ?"

"ಹೂಂ. ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

ಅವರು ಅದನ್ನು ಗೋಡೆಯ ಪಕ್ಕದ ಅಳತೆ ಯಂತ್ರಕ್ಕೆ ಸಿಕ್ಕಿಸಿ ಎಳೆದರು. ಟಕ್. ನೂರಹತ್ತರ ಬದಲು ಯಂತ್ರ ತೋರಿಸಿದ್ದು ಎಂಬತ್ತೆಂಟು. ಮತ್ತೆ ಎಳೆದರು. ತೊಂಬತ್ತೇಳು. ಮೂರನೇ ಸಲ ಎಂಬತ್ತೊಂದು.

"ಕೆಲಸ ಮುಗಿದ ಮೇಲೆ ಇದನ್ನ ಕೆಳಗಿನ ಗೆರೆಗೆ ಇಳಿಸಿಡಬೇಕು ತಾಯಿ. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು ಬಿಗಿದುಕೊಂಡೇ ಇರುತ್ತೆ. ಇದರದು ಸೋತುಹೋಗಿದೆ."

"ರಿಪೇರಿ ಆಗಲ್ವಾ?"

"ಇಷ್ಟು ಹಳೇದಕ್ಕೆ ಸ್ಪ್ರಿಂಗು ಎಲ್ಲಿ ಸಿಗುತ್ತೆ? ಇದನ್ನ ನಂಬಿ ಚಕ್ರ ಹಾಕಿದರೆ ಗಾಡಿ ಒಂದು ದಾರಿ, ಚಕ್ರ ಒಂದು ದಾರಿ."

ತಾಯಿ ಮಗಳ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

"ಮೊದಲನೇ ವರ್ಷವೇ ಹೇಳಿಕೊಟ್ಟಿದ್ದರು."

"ಮತ್ತೆ ಬಾಯಿಬಿಟ್ಟು ಹೇಳಬಾರದಿತ್ತೇನೇ?"

ಮಗಳು ಬೋಲ್ಟುಗಳ ಸಾಲನ್ನೇ ನೋಡುತ್ತಿದ್ದಳು. "ಅದನ್ನ ಒರೆಸುವಾಗ ಮಾತ್ರ ನೀನು ಅಪ್ಪನ ಹತ್ತಿರ ಮಾತಾಡ್ತಿದ್ದೆ. ಒಳಗಿನ ಕೋಣೆಗೆ ಕೇಳಿಸ್ತಿತ್ತು."

ತಾಯಿ ಹಳೆಯ ಅಂಗಿಯ ತುಂಡನ್ನು ಎತ್ತಿ ಮಡಿಸಿದಳು. ಅವನ ಸಲಕರಣೆಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಕಾದವಳು, ಅವನು ಕೊನೆಗೆ ಹಿಡಿದಿದ್ದನ್ನೇ ತನ್ನ ಕೈಯಾರೆ ಕೆಡಿಸಿದ್ದಳು.

"ಇರಲಿ ಬಿಡಮ್ಮ" ಎಂದಳು ಮಗಳು. "ಪೆಟ್ಟಿಗೇಲಿ ಇಟ್ಟುಕೊಳ್ತೀನಿ. ಬಳಸಲ್ಲ."

"ಕೆಲಸದ ಪೆಟ್ಟಿಗೇಲಿ ಸುಳ್ಳು ಹೇಳೋ ಸಾಮಾನು ಬೇಡ" ಎಂದರು ಯಜಮಾನರು. "ಅವಸರದಲ್ಲಿ ಯಾವತ್ತೋ ಒಂದು ದಿನ ಕೈ ಅದಕ್ಕೇ ಹೋಗುತ್ತೆ. ಬೇಕಾದರೆ ಮನೇಲಿಡಿ."

ತಾಯಿ ಮಗಳ ಮುಖ ನೋಡಿದಳು. ಅಮ್ಮ ನೊಂದುಕೊಂಡಾಳೆಂದು ಇಷ್ಟು ದಿನ ತುಟಿ ಹೊಲಿದುಕೊಂಡಿದ್ದ ಹುಡುಗಿ. ಮನೆಯಲ್ಲಿದ್ದರೆ, ಅಮ್ಮನಿಗೆ ಖುಷಿಯಾಗಲೆಂದು ಯಾವತ್ತಾದರೂ ಒಯ್ದೇ ಒಯ್ಯುತ್ತಾಳೆ.

"ಹೊಸದು ತೋರಿಸಿ ಅಣ್ಣ" ಎಂದಳು.

ಮೂರು ಸಲ ಎಳೆದರೂ ಒಂದೇ ಸಂಖ್ಯೆ ತೋರಿಸಿದ್ದನ್ನು ಮಗಳು ಆರಿಸಿದಳು. ಯಜಮಾನರು ಅದನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ ತಾಯಿ ಹಳೆಯದನ್ನು ಎತ್ತಿಕೊಂಡಳು.

"ಇಳಿಸೋದು ಯಾವ ಕಡೆಗೆ?"

ಮಗಳು ಅಮ್ಮನ ಕೈಮೇಲೆ ಕೈಯಿಟ್ಟು ತೋರಿಸಿದಳು. ಹಿಡಿ ಬಿಗಿಯಾಗಿತ್ತು, ಒಮ್ಮೆ ಕದಲಿದ ಮೇಲೆ ಸುಲಭವಾಗಿ ತಿರುಗಿತು. ಗೆರೆ ನೂರಕ್ಕೆ, ತೊಂಬತ್ತಕ್ಕೆ, ಎಂಬತ್ತಕ್ಕೆ ಇಳಿಯಿತು. ತಳ ಮುಟ್ಟಿದ ಮೇಲೂ ತಾಯಿ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಮೇಜಿನ ಮೇಲಿಟ್ಟಳು.

"ಇದನ್ನೇನು ಮಾಡ್ತೀರಿ?"

"ಬಿಚ್ಚಿಹಾಕ್ತೀನಮ್ಮ. ಬೇರೆಯವರ ಕೈಗೆ ಸಿಗಬಾರದಲ್ಲ."

ಅವಳು ತಲೆಯಾಡಿಸಿದಳು. ಪೆಟ್ಟಿಗೆಯನ್ನು ಮಗಳ ಕೈಗೆ ದಾಟಿಸಿ, ಬಾಗಿಲವರೆಗೆ ಹೋಗಿ ನಿಂತಳು.

"ನಾವು ರಸ್ತೆ ದಾಟೋವರೆಗೆ ತಡೀರಿ ಅಣ್ಣ."